ಆಳಸಮುದ್ರದ ಹವಳ ಹುಡುಕುವ ಹಡಗಿನಲ್ಲಿ ತಂತ್ರಜ್ಞರಿಗೆ ಏನು ಕೆಲಸ?

ಕಾಸರಗೋಡಿನಲ್ಲಿ ಡಿಪ್ಲೊಮಾ ಮಾಡಿದವರಿಗೂ ಅಲ್ಲಿ ಕೆಲಸವಿದೆಯೇ ಎಂದು ಕೇಳಿದ್ದೀರಿ. ಇದೆ. ಯಾವ ಹವಳ ಬೇಕೆಂದು ವಿಜ್ಞಾನಿ ತೋರಿಸುತ್ತಾರೆ. ಅದನ್ನು ಮುರಿಯದೆ ಮೇಲೆ ತರುವುದು ತಂತ್ರಜ್ಞರ ಕೈಯಲ್ಲಿದೆ.

ಕೇಬಲ್ ಕಟ್ಟಿದ ರೋಬಾಟನ್ನು ಒಬ್ಬರು ನಡೆಸಿದರೆ, ಅದರ ಯಂತ್ರದ ಕೈಯನ್ನು ಹೆಚ್ಚಾಗಿ ಇನ್ನೊಬ್ಬರು ಆಡಿಸುತ್ತಾರೆ. ಡೆಕ್ಕಿನಲ್ಲಿ ಕೇಬಲ್ ಸುತ್ತಿ ಬಿಚ್ಚುವ ವಿಂಚ್‌ನವರು ಕೇಬಲ್ ಸಡಿಲ ಬಿಟ್ಟರೆ ಅದು ಬಂಡೆಗೆ ಸುತ್ತಿಕೊಳ್ಳುತ್ತದೆ, ಬಿಗಿದರೆ ಅಲೆಯ ಏರಿಳಿತಕ್ಕೆ ರೋಬಾಟೇ ಜಗ್ಗುತ್ತದೆ.

ಹವಳ ಹಾಳಾಗುವುದು ಹೆಚ್ಚಾಗಿ ಬಿಸಿಯಿಂದ. ನಮ್ಮ ಕಾಸರಗೋಡಿನ ಕಡಲತೀರ ಕಸಬ ಕಡಪ್ಪುರದ ನೀರು 28 ಡಿಗ್ರಿ ಇದ್ದರೆ, ಸಾವಿರ ಮೀಟರ್ ಕೆಳಗೆ ಹತ್ತರ ಒಳಗೆ. ಆದ್ದರಿಂದ ತುಂಡನ್ನು ಅಲ್ಲೇ ಮುಚ್ಚಳದ ಪೆಟ್ಟಿಗೆಗೆ ಹಾಕಿ, ಮೇಲೆ ಬಂದೊಡನೆ ತಣ್ಣನೆಯ ಸಮುದ್ರನೀರಿಗೆ ಬಿಡಬೇಕು. ಡಿಎನ್‌ಎಗೆ ಬೇಕಾದ ಚೂರು 95 ಶೇಕಡಾ ಎಥನಾಲಿಗೆ. ಫಾರ್ಮಲಿನ್‌ಗೆ ಹಾಕಿದರೆ ಡಿಎನ್‌ಎ ಕೆಟ್ಟಿತೆಂದೇ ಲೆಕ್ಕ.

ನೀರಿನ ಮಾದರಿ ತರುವ ನಿಸ್ಕಿನ್ ಬಾಟಲಿಯ ಮೇಲಿನ ಗಾಳಿತಿರುಪು ಸಡಿಲವಿದ್ದರೆ ಕೆಳಗಿನ ನಳ್ಳಿಯಿಂದ ನೀರು ಸೋರುತ್ತದೆ. ಸಣ್ಣ ತಿರುಪು, ಆದರೆ ಆ ಆಳದ ಮಾದರಿಯೇ ಹೋಯಿತು! ಬಾಟಲಿಯಿಂದ ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ಆಮ್ಲಜನಕ ಅಳೆಯಲು ನೀರು ಹಿಡಿಯಬೇಕು, ಗುಳ್ಳೆ ಬಾರದಂತೆ.

ಕೆಲಸ ಪಾಳಿಯಲ್ಲಿ, ಹಗಲು ರಾತ್ರಿ. ನಮಗೆ ಹತ್ತಿರವೆಂದರೆ ಕೊಚ್ಚಿ: ‘ಸಾಗರ ಸಂಪದಾ’ ಸಂಶೋಧನಾ ಹಡಗು ನಡೆಸುವ ಕೇಂದ್ರ ಸರ್ಕಾರದ ಸಮುದ್ರಜೀವಿ ಸಂಶೋಧನಾ ಸಂಸ್ಥೆ ಸಿಎಂಎಲ್‌ಆರ್‌ಇ ಅಲ್ಲಿದೆ.