ಸುತ್ತಿಗೆಗೆ ಕಂಬಿ ಕಾಣುವುದಿಲ್ಲ, ಸಾಹೇಬ್ರೆ

ನಮಸ್ಕಾರ ಇಂಜಿನಿಯರ್ ಸಾಹೇಬ್ರೆ,

ನಿಮ್ಮ ‘ಕಾಂಕ್ರೀಟ್ ರಚನೆಗಳಲ್ಲಿ ಉಕ್ಕಿನ ಬಲವರ್ಧನೆಯ ವಿನಾಶರಹಿತ ಪರೀಕ್ಷೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸುವ ಮನಸ್ಸೂ ಇಲ್ಲ, ಯಾಕೆಂದರೆ ಆರನೇ ಪುಟದಲ್ಲಿ ಒಂದು ಒಳ್ಳೆಯ ಲೇಖನ ಇದೆ. ಮೊದಲ ಐದು ಪುಟ ಅದರ ಮೇಲೆ ಹತ್ತಿ ಕೂತಿವೆ.

ಹೆಸರಿನಿಂದಲೇ ಶುರು ಮಾಡೋಣ. ನಮ್ಮನ್ನು ಓದುವವರು ರಾಯಚೂರು, ಮಾನ್ವಿ, ಸಿಂಧನೂರಿನ ಕಡೆ ಮನೆ ಕಟ್ಟಿಸಿದವರು, ಕಟ್ಟಿಸಬೇಕು ಅಂತ ಇರುವವರು, ಛತ್ತಿನ ಗಿಲಾವು ಉದುರುವುದನ್ನು ನೋಡಿ ರಾತ್ರೋರಾತ್ರಿ ಮಂಚ ಸರಿಸಿ ಮಲಗಿದವರು. ಅವರ ಬಾಯಲ್ಲಿ ಅದು ಕಂಬಿ. ‘ಉಕ್ಕಿನ ಬಲವರ್ಧನೆ’ ಅಂದರೆ ಯಾವುದೋ ಟಾನಿಕ್ ಅಂದುಕೊಳ್ಳುತ್ತಾರೆ.

ಕಂಬಿಯ ಬಗ್ಗೆ ಬರೆಯುತ್ತೇನೆ ಅಂದು ಮೂರು ಪುಟ ರಿಬೌಂಡ್ ಹ್ಯಾಮರಿಗೆ ಕೊಟ್ಟಿದ್ದೀರಿ. ಆ ಸುತ್ತಿಗೆ ಹೇಳುವುದು ಕಾಂಕ್ರೀಟಿನ ಮೇಲ್ಮೈ ಎಷ್ಟು ಗಟ್ಟಿ ಅಂತ. ಒಳಗಿನ ಕಂಬಿಗೆ ತುಕ್ಕು ಹಿಡಿದಿದೆಯಾ ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ. ಒಮ್ಮೊಮ್ಮೆ ದಾರಿಯನ್ನೂ ತಪ್ಪಿಸುತ್ತದೆ: ಹಳೇ ಕಾಂಕ್ರೀಟು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಮೇಲ್ಪದರ ಇನ್ನೂ ಗಟ್ಟಿಯಾಗುತ್ತದೆ, ಸುತ್ತಿಗೆ ಜಾಸ್ತಿ ಅಂಕ ಕೊಡುತ್ತದೆ, ಅದೇ ಹೊತ್ತಿಗೆ ಆ ಪದರದಲ್ಲಿ ಕಂಬಿಯನ್ನು ಕಾಯಬೇಕಿದ್ದ ಕ್ಷಾರ ಖಾಲಿಯಾಗಿರುತ್ತದೆ. ಈ ತಮಾಷೆಯನ್ನು ಇಟ್ಟುಕೊಳ್ಳಿ, ಉಳಿದದ್ದನ್ನು ತೆಗೆಯಿರಿ.

ತುಂಗಭದ್ರಾ ಅಣೆಕಟ್ಟಿನ ಪ್ಯಾರಾವನ್ನೂ ಪೂರ್ತಿ ತೆಗೆಯಿರಿ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋಗಿದ್ದು ಚೈನು ಹರಿದು. ಕಾಂಕ್ರೀಟಿನೊಳಗೆ ಕಂಬಿ ತುಕ್ಕು ಹಿಡಿದಿದ್ದಕ್ಕಲ್ಲ. ಆ ಅಣೆಕಟ್ಟಿನ ಗೋಡೆ ಕಲ್ಲು ಮತ್ತು ಸುರ್ಕಿ ಗಾರೆಯದು. ಸುದ್ದಿಯಲ್ಲಿದ್ದದ್ದನ್ನು ಎಳೆದು ತಂದರೆ ಅಣೆಕಟ್ಟಿನ ಪಕ್ಕದ ಮುನಿರಾಬಾದಿನ ಓದುಗರೇ ನಮಗೆ ಪತ್ರ ಬರೆಯುತ್ತಾರೆ.

ಇನ್ನೊಂದು ತಪ್ಪು ದೊಡ್ಡದು. ಕಂಬಿಯ ವೋಲ್ಟೇಜ್ ಅಳೆದು ತುಕ್ಕಿನ ಸುಳಿವು ಹಿಡಿಯುವ ಹಾಫ್ ಸೆಲ್ ಪರೀಕ್ಷೆಯ ಬಗ್ಗೆ ‘ಮೈನಸ್ 350 ಮಿಲಿವೋಲ್ಟ್ ದಾಟಿದರೆ ಕಂಬಿ ಶೇ 90ರಷ್ಟು ತುಕ್ಕು ತಿಂದಿದೆ’ ಅಂತ ಬರೆದಿದ್ದೀರಿ. ಹಾಗಲ್ಲ. ಆ ಜಾಗದಲ್ಲಿ ತುಕ್ಕಿನ ಕೆಲಸ ನಡೆದಿರುವ ಸಾಧ್ಯತೆ ಶೇ 90ಕ್ಕಿಂತ ಜಾಸ್ತಿ ಅಂತ ಅದರ ಅರ್ಥ. ಎಷ್ಟು ತಿಂದಿದೆ, ಎಷ್ಟು ವೇಗವಾಗಿ ತಿನ್ನುತ್ತಿದೆ ಎಂಬುದನ್ನು ಆ ಅಂಕಿ ಹೇಳುವುದೇ ಇಲ್ಲ. ಮೈನಸ್ 200ರಿಂದ ಮೈನಸ್ 350ರ ನಡುವೆ ಬಂದರೆ ಏನೂ ಖಚಿತವಿಲ್ಲ. ನಿಮ್ಮ ವಾಕ್ಯ ಓದಿದ ಯಾರಾದರೂ ಹೆದರಿ ಮನೆ ಕೆಡವಿಸಿದರೆ ನಾವಿಬ್ಬರೂ ಉತ್ತರ ಹೇಳಬೇಕು.

ಈಗ ಆರನೇ ಪುಟ. ಶಾಲೆಯ ವರಾಂಡದಲ್ಲಿ ನೀವು ಹಾಫ್ ಸೆಲ್ ಹಚ್ಚಲು ಹೋಗುತ್ತೀರಿ. ಮೀಟರಿನ ಒಂದು ತಂತಿ ಕಂಬಿಗೇ ತಾಗಬೇಕು, ಹಾಗಾಗಿ ಒಂದು ಕಡೆ ಚಾಣದಿಂದ ಒಡೆಯಲೇಬೇಕು. ಹೆಡ್‌ಮಾಸ್ತರು ಓಡಿ ಬಂದು ‘ಒಡೆಯಲ್ಲ ಅಂತ ಹೇಳಿ ಒಡೀತಿದ್ದೀರಲ್ರೀ’ ಅನ್ನುತ್ತಾರೆ. ಸಾಹೇಬ್ರೆ, ಲೇಖನ ಶುರುವಾಗಬೇಕಿದ್ದದ್ದು ಇಲ್ಲಿಂದ! ಇನ್ನೊಂದು ತುದಿಯ ನಳಿಗೆಯಲ್ಲಿ ಇರುವುದು ಮೈಲುತುತ್ತದ ನೀರು, ಅದರಲ್ಲಿ ತಾಮ್ರದ ಕಡ್ಡಿ, ಅಷ್ಟೇ. ಬೆಳೆಗೆ ಮೈಲುತುತ್ತ ಸುಣ್ಣ ಹೊಡೆಯುವ ರೈತನಿಗೆ ಅದನ್ನು ಹೇಳಿದರೆ ಸಾಕು, ‘ತಾಮ್ರ-ತಾಮ್ರ ಸಲ್ಫೇಟ್ ಉಲ್ಲೇಖ ವಿದ್ಯುದ್ವಾರ’ ಬೇಕಾಗಿಲ್ಲ. ಮೀಟರು ನೋಡುವ ಮೊದಲು ಕಾಂಕ್ರೀಟಿಗೆ ನೀರು ಚಿಮುಕಿಸಿದ್ರಾ? ನಮ್ಮ ಬಿಸಿಲಿಗೆ ಒಣಗಿದ ಸ್ಲ್ಯಾಬಿನಲ್ಲಿ ಮೀಟರಿನ ಮುಳ್ಳು ನೆಟ್ಟಗೆ ನಿಲ್ಲುವುದಿಲ್ಲ. ಚಿಮುಕಿಸಿದ್ದರೆ ಬರೆಯಿರಿ.

ಆಮೇಲೆ ಆ ಗುಂಡಿಯೊಳಗೆ ಕ್ಷಾರ ತಾಗಿದರೆ ಗುಲಾಬಿಯಾಗುವ ಫಿನಾಲ್ಫ್ತಲೀನ್ ಸಿಂಪಡಿಸಿದಿರಿ, ಕಂಬಿಯವರೆಗೂ ಗುಲಾಬಿ ಬಣ್ಣ ಬಂತು. ಅಂದರೆ ಕ್ಷಾರ ಇನ್ನೂ ಇದೆ. ಆದರೂ ಮೀಟರು ಮೈನಸ್ 420 ತೋರಿಸಿತು. ಇವೆರಡನ್ನೂ ಅಕ್ಕಪಕ್ಕ ಇಟ್ಟು ನೀವು ಏನೂ ಕೇಳದೆ ‘ಕಳಪೆ ಸಿಮೆಂಟ್’ ಅಂತ ಮುಗಿಸಿಬಿಟ್ಟಿದ್ದೀರಿ! ಎರಡು ಸಾಲು ಕೆಳಗೆ ನೀವೇ ಬರೆದ ಮೇಸ್ತ್ರಿಯ ಮಾತು ಇದೆ: ಆಗ ಕಲಸಲು ಶಾಲೆಯ ಹಿಂದಿನ ಉಪ್ಪು ಬೋರಿನ ನೀರೇ ಬಳಸಿದ್ದು. ಕ್ಷಾರ ಇದ್ದರೂ ಉಪ್ಪಿನಲ್ಲಿರುವ ಕ್ಲೋರೈಡ್ ಕಂಬಿಯ ರಕ್ಷಣೆಯ ಪದರವನ್ನು ಅಲ್ಲಲ್ಲಿ ತೂತು ಮಾಡುತ್ತದೆ, ಅಲ್ವಾ? ಕಂಬಿ ಇರುವ ಕಾಂಕ್ರೀಟಿಗೆ ಕಲಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂಗಿಂತ ಜಾಸ್ತಿ ಕ್ಲೋರೈಡ್ ಇರಬಾರದು ಅಂತ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ನಾಲೆಯ ನೀರು ನಿಂತು ಚೌಳಾದ ನಮ್ಮ ಭೂಮಿಯಲ್ಲಿ ಎಷ್ಟು ಊರಿನ ಬೋರಿಗೆ ಈ ಪ್ರಶ್ನೆ ಕೇಳಬೇಕಾಗುತ್ತದೆ ನೋಡಿ.

ಆದರೆ ಮೇಸ್ತ್ರಿಯ ಮಾತೊಂದನ್ನೇ ನಂಬಿ ಬರೆಯಬೇಡಿ. ಆ ಬೋರು ಇನ್ನೂ ಇದ್ದರೆ ಒಂದು ಬಾಟ್ಲಿ ನೀರು, ಜೊತೆಗೆ ಕಂಬಿಯ ಮಟ್ಟದಲ್ಲಿ ಡ್ರಿಲ್ ಮಾಡಿದ ಒಂದಿಷ್ಟು ಕಾಂಕ್ರೀಟ್ ಪುಡಿ, ಎರಡನ್ನೂ ಲ್ಯಾಬಿಗೆ ಕೊಡಿ. ಡ್ರಿಲ್ ಹಿಡಿಯುವ ಮುಂಚೆ ಈ ಸಲ ಹೆಡ್‌ಮಾಸ್ತರಿಗೆ ನಿಜ ಹೇಳಿ. ಶಾಲೆಯ ಹೆಸರು, ಗುತ್ತಿಗೆದಾರರ ಹೆಸರು ಬೇಡ. ರಿಪೋರ್ಟು ಬಂದ ಮೇಲೆ 900 ಪದಗಳೊಳಗೆ ಮತ್ತೆ ಬರೆದು ಕಳಿಸಿ. ಗುಲಾಬಿ ಬಣ್ಣದ ಗುಂಡಿಯ ಫೋಟೋ ಮರೆಯಬೇಡಿ, ಮೊದಲು ಕಳಿಸಿದ್ದರಲ್ಲಿ ನಿಮ್ಮ ಬೂಟು ಮಾತ್ರ ಚೆನ್ನಾಗಿ ಬಂದಿದೆ.