ಆರ್ಥೋ (ಮೂಳೆ-ಕೀಲು) ವಾರ್ಡಿನ ಪೋಸ್ಟಿಂಗ್‌ಗೆ ಮುನ್ನ ಯಾವ ವ್ಯಾಯಾಮಗಳನ್ನು ಬಾಯಿಪಾಠ ಮಾಡಿಕೊಳ್ಳಬೇಕು?

ಬಿಪಿಟಿ (ಫಿಸಿಯೋಥೆರಪಿ ಪದವಿ) ಇಂಟರ್ನ್‌ಶಿಪ್‌ಗೆ ಬಂದಾಗ ನಾನೂ ನಿಮ್ಮ ಹಾಗೆಯೇ, ಮಂಡಿಯ ಕೀಲು ಬದಲಾಯಿಸಿಕೊಂಡವರಿಗೆ ಯಾವ ದಿನ ಯಾವ ವ್ಯಾಯಾಮ ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡೇ ವಾರ್ಡಿಗೆ ಹೋಗಿದ್ದೆ. ಮೂರನೆಯ ದಿನ ಒಬ್ಬ ತಾಯಿ ನನ್ನ ಕೈಯಲ್ಲೇ ಕುಸಿದರು.

ಅವರು ಮಂಡ್ಯ ಕಡೆಯವರು, 68 ವರ್ಷ; ಹಿಂದಿನ ದಿನ ಸಂಜೆ ಬಲ ಮಂಡಿಗೆ ಆಪರೇಷನ್ ಆಗಿತ್ತು. ಬೆಳಿಗ್ಗೆ ಕೇಳಿದರೆ ನೋವೇ ಇಲ್ಲ ಎಂದರು. ಪಾದವನ್ನು ಮೇಲೆ ಕೆಳಗೆ ಚೆನ್ನಾಗಿ ಆಡಿಸಿದರು, ಮಂಚದ ಅಂಚಿನಲ್ಲಿ ಕೂತರು, ತಲೆ ಸುತ್ತಲಿಲ್ಲ, ಬಿಪಿಯೂ ಸರಿಯಾಗಿತ್ತು. ಪಟ್ಟಿಯ ಪ್ರಕಾರ ಮುಂದಿನದು ವಾಕರ್ ಹಿಡಿದು ನಿಲ್ಲುವುದು. ವಾಕರ್ ಮುಟ್ಟಿದವರು, "ಕಾಲು ನಂದೇ ಅಲ್ಲ ಅನ್ಸುತ್ತೆ ಕಣಪ್ಪ" ಎಂದರು. "ಧೈರ್ಯ ಮಾಡಿ ಅಮ್ಮ, ನಾನು ಹಿಡ್ಕೊಂಡಿದೀನಿ" ಎಂದೆ. ಭಾರ ಬಿದ್ದ ಕ್ಷಣವೇ ಮಂಡಿ ಮಡಚಿಕೊಂಡಿತು. ಸೊಂಟದ ಬೆಲ್ಟ್ ಹಿಡಿದಿದ್ದರಿಂದ ಅವರನ್ನು ನಿಧಾನವಾಗಿ ನೆಲಕ್ಕೆ ಇಳಿಸಲು ಮಾತ್ರ ಸಾಧ್ಯವಾಯಿತು.

ನನ್ನ ತಪ್ಪು ಏನೆಂಬುದನ್ನು ಬಿಡಿಸಿ ಹೇಳಲೇಬೇಕು. ಅವರಿಗೆ ನೋವು ತಡೆಯಲು ಫೆಮೊರಲ್ ನರ್ವ್ ಬ್ಲಾಕ್, ಅಂದರೆ ತೊಡೆಯ ಫೆಮೊರಲ್ ನರವನ್ನು ಮರಗಟ್ಟಿಸುವ ಇಂಜೆಕ್ಷನ್, ಕೊಟ್ಟಿದ್ದರು. ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯುವಿಗೆ ಹೋಗುವುದು ಅದೇ ನರ. ನಿಂತಾಗ ಮಂಡಿಯನ್ನು ನೆಟ್ಟಗೆ ಹಿಡಿದಿಡುವುದು ಅದೇ ಸ್ನಾಯು. ಒಮ್ಮೆ ಕೊಟ್ಟ ಬ್ಲಾಕ್‌ನ ಪರಿಣಾಮ ಮಾರನೆಯ ದಿನದವರೆಗೂ ಉಳಿಯಬಹುದು. ಪಾದವನ್ನು ಆಡಿಸುವ ಸ್ನಾಯುಗಳಿಗೆ ಬರುವುದು ಸಯಾಟಿಕ್ ನರದ ಕವಲುಗಳಾದ್ದರಿಂದ, ಪಾದ ಆಡಿದ್ದನ್ನು ನೋಡಿ ಕಾಲು ಸಿದ್ಧವಾಗಿದೆ ಎಂದುಕೊಂಡದ್ದಕ್ಕೆ ಯಾವ ಆಧಾರವೂ ಇರಲಿಲ್ಲ. ಮಲಗಿದ್ದಾಗ ಕಾಲನ್ನು ನೇರವಾಗಿ ಎತ್ತಲು, ಅಥವಾ ಕೂತಾಗ ಮಂಡಿಯನ್ನು ನೆಟ್ಟಗೆ ಚಾಚಲು ಹೇಳಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಬ್ಲಾಕ್‌ನ ವಿವರ ಫೈಲಿನ ಅನಸ್ತೇಷಿಯಾ ಹಾಳೆಯಲ್ಲಿತ್ತು, ನಾನು ಆ ಹಾಳೆಯನ್ನು ತಿರುವಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಾಲು ತನ್ನದಲ್ಲ ಎಂದು ಆ ತಾಯಿ ಲಕ್ಷಣವನ್ನೇ ಹೇಳಿದ್ದರು. ನಾನು ಅದನ್ನು ಹೆದರಿಕೆ ಎಂದು ತಿಳಿದೆ.

ಹೊಲಿಗೆ ಬಿಚ್ಚಲಿಲ್ಲ, ಎಕ್ಸ್‌ರೇಯಲ್ಲೂ ತೊಂದರೆ ಕಾಣಲಿಲ್ಲ. ಆದರೆ ಅವರು ಎರಡು ದಿನ ಮಂಚ ಬಿಟ್ಟು ಇಳಿಯಲಿಲ್ಲ, ಮಂಡಿ ಬಗ್ಗಿಸಲೂ ಬಿಡಲಿಲ್ಲ. ಪಕ್ಕದ ಮಂಚದವರು 90 ಡಿಗ್ರಿ ಮಡಚಿ ಮನೆಗೆ ಹೋದರೆ, ಇವರು ಹೊರಟಾಗ ಕೀಲಿನ ಕೋನ ಅಳೆಯುವ ನನ್ನ ಗೋನಿಯೋಮೀಟರ್ 60 ತೋರಿಸುತ್ತಿತ್ತು. ನಾನು ಪೋಸ್ಟಿಂಗನ್ನು ಮತ್ತೆ ಮಾಡಬೇಕಾಯಿತು. ಆ 60ರ ಮುಂದೆ ಅದು ಏನೂ ಅಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವ್ಯಾಯಾಮದ ಪಟ್ಟಿ ಸರ್ಜನ್‌ನಿಂದ ಸರ್ಜನ್‌ಗೆ ಬದಲಾಗುತ್ತದೆ, ವಾರದೊಳಗೆ ತಾನಾಗಿಯೇ ಬರುತ್ತದೆ. ಫೈಲ್ ಓದುವುದನ್ನು ಕಲಿಯಿರಿ: ಯಾವ ಆಪರೇಷನ್, ಯಾವ ಬ್ಲಾಕ್, ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು. ಸೊಂಟದ ಕೀಲನ್ನು ಹಿಂಭಾಗದಿಂದ ತೆರೆದು ಬದಲಾಯಿಸಿದ್ದರೆ, ಮನೆಯಲ್ಲಿರುವುದು ಇಂಡಿಯನ್ ಟಾಯ್ಲೆಟ್ಟೇ ಎಂದು ಮೊದಲ ದಿನವೇ ಕೇಳಿ, ಏಕೆಂದರೆ ಅವರು ಕುಕ್ಕರುಗಾಲಿನಲ್ಲಿ ಕೂರುವಂತಿಲ್ಲ. ಸೀನಿಯರ್ ಪಕ್ಕದಲ್ಲಿಲ್ಲದೆ ಯಾರನ್ನೂ ಮೊದಲ ಬಾರಿಗೆ ನಿಲ್ಲಿಸಬೇಡಿ. ಮೊದಲ ದಿನ ಅರ್ಧ ಗಂಟೆ ಮುಂಚೆ ಹೋಗಿ, ರಾತ್ರಿ ಪಾಳಿಯ ಸಿಸ್ಟರ್ ಮನೆಗೆ ಹೊರಡುವ ಮುನ್ನ, ಯಾರು ಎದ್ದಿದ್ದರು, ಯಾರಿಗೆ ತಲೆ ಸುತ್ತಿತು, ಯಾರ ಕಾಲು ಇನ್ನೂ ಜೋಮು ಹಿಡಿದಿದೆ ಎಂದು ಕೇಳಿಕೊಳ್ಳಿ.