ಯುದ್ಧ ಮುಗಿದ ಊರಲ್ಲಿ ಅಪ್ಪನಿಗೇನು ಕೆಲಸ?

ಪ್ರಶ್ನೆ: ನನಗೆ 27 ವರ್ಷ. ಮೈಸೂರಿನಲ್ಲಿ ಅಪ್ಪ ಅಮ್ಮನ ಜೊತೆ ಇದ್ದೇನೆ. ಎರಡು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲೊಂದು ಕಲ್ಪನೆಯ ರಾಜ್ಯ, ಅಲ್ಲಿ ‘ಕತ್ತಿಮನೆಯವರು’ ಅಂತ ಒಂದು ಕುಲ. ಯುದ್ಧವೇ ಅವರ ಕಸುಬು. ಆದರೆ ಯುದ್ಧ ನಿಂತು 30 ವರ್ಷವಾಗಿದೆ. ಅವರನ್ನು ಏನು ಮಾಡುವುದೆಂದು ತೋಚದೆ ವ್ಯಾಪಾರಿಗಳ ಮನೆ ಕಾಯಲು ನಿಲ್ಲಿಸಿದೆ. ನಾಲ್ಕನೇ ಅಧ್ಯಾಯದಲ್ಲಿ ಒಬ್ಬ ಮುದುಕ ಕುಡಿದು ಬಾಗಿಲಲ್ಲೇ ನಿದ್ದೆ ಹೋಗುತ್ತಾನೆ, ಕಳ್ಳರು ನುಗ್ಗುತ್ತಾರೆ. ನನ್ನಪ್ಪ 24 ವರ್ಷ ಸೈನ್ಯದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು. ಈಗ ಒಂದು ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ. ಟೇಬಲ್ ಮೇಲಿದ್ದ ಹಾಳೆಗಳನ್ನು ಓದಿಬಿಟ್ಟಿದ್ದಾರೆ. “ಎಲ್ಲಾ ಬರ್ದಿದ್ದೀಯ, ಗೇಟ್ ನಂಬರ್ ಒಂದು ಬಿಟ್ಟು. ನಾನು ಒಂದಿನಾನೂ ಡ್ಯೂಟೀಲಿ ನಿದ್ದೆ ಮಾಡಿದವನಲ್ಲ” ಅಂದರು. ಆಮೇಲೆ 11 ದಿನದಿಂದ ಮಾತಿಲ್ಲ. ಕಾದಂಬರಿ ಕೈಬಿಡಲಾ?
– ಹೆಸರು ಬೇಡ, ಮೈಸೂರು

ಕೈಬಿಡಬೇಡಿ ತಾಯಿ. ಆದರೆ ಅಪ್ಪ ಆಡಿದ ಮಾತನ್ನು ಇನ್ನೊಮ್ಮೆ ಓದಿ. ನೀವೇ ಬರೆದು ಕಳಿಸಿದ್ದೀರಿ, ನೀವೇ ಗಮನಿಸಿಲ್ಲ. “ನನ್ನನ್ನು ವಾಚ್‌ಮನ್ ಮಾಡಿದ್ದೀಯ” ಅಂತ ಅವರು ಹೇಳಲಿಲ್ಲ. “ನಾನು ನಿದ್ದೆ ಮಾಡಿದವನಲ್ಲ” ಅಂದರು. ಗೇಟಿನಲ್ಲಿ ನಿಲ್ಲಿಸಿದ್ದಕ್ಕಲ್ಲ ಕೋಪ, ಅಲ್ಲಿ ಮಲಗಿಸಿದ್ದಕ್ಕೆ.

ಸೈನಿಕ ಅಂದರೆ ಗುಂಡು ಹಾರಿಸುವವನು ಅಂತ ನಾವು ಹೊರಗಿನವರು ಅಂದುಕೊಳ್ಳುತ್ತೇವೆ. 24 ವರ್ಷದಲ್ಲಿ ಅದೆಷ್ಟು ದಿನ ಇದ್ದೀತು? ಉಳಿದಿದ್ದೆಲ್ಲ ಎಚ್ಚರವಾಗಿರುವುದು. ಸೆಂಟ್ರಿ ಡ್ಯೂಟಿ, ಹಾಜರಿ, ಸ್ಟೋರಿನ ಲೆಕ್ಕ, ಮತ್ತೆ ಸೆಂಟ್ರಿ ಡ್ಯೂಟಿ. ಆ ಲೆಕ್ಕದಲ್ಲಿ ಅಪ್ಪನ ಕೆಲಸ ಜಾಸ್ತಿ ಬದಲಾಗಿಲ್ಲ. ಬದಲಾದದ್ದು ಬೇರೆ. ಅಲ್ಲಿ ಕೈಕೆಳಗಿನ ಹುಡುಗರು ಇವರ ಮಾತಿಗೆ ಎದ್ದು ನಿಲ್ಲುತ್ತಿದ್ದರು. ಇಲ್ಲಿ ಕಾರಿನ ಗಾಜೂ ಇಳಿಸದವರಿಗೆ ಇವರೇ ಎದ್ದು ಸೆಲ್ಯೂಟ್ ಹೊಡೆಯಬೇಕು. ಅದನ್ನೂ ನುಂಗಿಕೊಂಡು, ಎಚ್ಚರ ಒಂದನ್ನು ಮಾತ್ರ ಬಿಡದೆ ಇಟ್ಟುಕೊಂಡಿದ್ದಾರೆ. ನೀವು ಅದಕ್ಕೇ ಕೈ ಹಾಕಿದಿರಿ. ಬೇಕಂತ ಅಲ್ಲ, ಗೊತ್ತು.

ಇನ್ನು ಕಥೆಗೆ ಬರೋಣ. ನಿಮ್ಮ ಕತ್ತಿಮನೆಯವರಿಗೆ ಒಂದೇ ಕೆಲಸ ಕೊಟ್ಟಿದ್ದೀರಿ, ಅದನ್ನೂ ಕೆಡಿಸಿಕೊಳ್ಳಲಿ ಅಂತ. ಜಪಾನಿನಲ್ಲಿ ಇದು ನಿಜವಾಗಿ ನಡೆದಾಗ ಹೀಗೆ ಆಗಲಿಲ್ಲ. 1638ರಲ್ಲಿ ಶಿಮಬಾರದ ದಂಗೆ ಅಡಗಿದ ಮೇಲೆ ಅಲ್ಲಿ 200 ವರ್ಷಕ್ಕೂ ಹೆಚ್ಚು ಕಾಲ ದೊಡ್ಡ ಯುದ್ಧವೇ ಇಲ್ಲ. ಅಲ್ಲಿನ ಯೋಧ ಕುಲದವರಾದ ಸಮುರಾಯಿಗಳ ಸೊಂಟದಲ್ಲಿ ಎರಡೆರಡು ಕತ್ತಿ ಹಾಗೇ ಇದ್ದವು. ಸಂಬಳ ಅಕ್ಕಿಯ ಲೆಕ್ಕದಲ್ಲಿ ಬರುತ್ತಿತ್ತು. ಮೇಲಿನವರು ಕಚೇರಿ ಕೆಲಸಕ್ಕೆ ಕೂತರು. ಕೆಳಗಿನವರಿಗೆ ಅಕ್ಕಿ ಸಾಲಲಿಲ್ಲ. ಮನೆಯಲ್ಲಿ ಕೂತು ಕಾಗದದ ಛತ್ರಿ ಕಟ್ಟಿದರು. ಯಾಮಾಟೊ-ಕೋರಿಯಾಮದಲ್ಲಿ ಹೊಂಬಣ್ಣದ ಮೀನು ಸಾಕಿದರು. ಈಗಿನ ಟೋಕಿಯೋದ ಒಕುಬೊದಲ್ಲಿ ಬಂದೂಕು ಪಡೆಯವರು ಹೂವಿನ ಗಿಡ ಬೆಳೆಸಿ ಹೆಸರು ಮಾಡಿದರು. ಬಂದೂಕು ಹಿಡಿದ ಕೈ ಗಿಡದ ಬುಡಕ್ಕೆ ಮಣ್ಣು ಏರಿಸುತ್ತಿದೆ! ಇಂಥದ್ದು ಸಿಕ್ಕರೆ ನಾನಾದರೆ ಒಂದು ಅಧ್ಯಾಯ ಪೂರ್ತಿ ಅಲ್ಲೇ ಕೂತಿರುತ್ತಿದ್ದೆ.

ಅವರಲ್ಲೊಂದು ಗಾದೆ ಇದೆ: ಸಮುರಾಯಿ ಊಟ ಮಾಡದಿದ್ದರೂ ಹಲ್ಲುಕಡ್ಡಿ ಆಡಿಸುತ್ತಾನೆ. ನಮ್ಮ ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ನೆನಪಾಯ್ತಾ? ಆದರೆ ನಮ್ಮ ಗಾದೆ ನಗುತ್ತದೆ, ಅವರದ್ದರಲ್ಲಿ ಸ್ವಲ್ಪ ಹೆಮ್ಮೆಯೂ ಇದೆ. ನಿಮ್ಮ ಕಥೆ ಇರುವುದು ಆ ಎರಡರ ನಡುವೆ.

1868ರ ಹೊತ್ತಿಗೆ ಶೋಗನ್, ಅಂದರೆ ದೇಶ ಆಳುತ್ತಿದ್ದ ಸೇನಾಧಿಪತಿಯ ಆಳ್ವಿಕೆಯೇ ಹೋಯಿತು. ಅವನ ಕಡೆಯ ಒಂದಷ್ಟು ಯೋಧರು ಮಕಿನೊಹರ ಎಂಬ ಬಂಜರು ಪ್ರಸ್ಥಭೂಮಿಗೆ ಹೋಗಿ, ನೆಲ ಅಗೆದು ಟೀ ಗಿಡ ಹಾಕಿದರು. ಇವತ್ತಿಗೂ ಅಲ್ಲಿ ಕಣ್ಣು ಹಾಯುವಷ್ಟು ಟೀ ತೋಟ. ಎಲ್ಲರೂ ಹಾಗೆ ಹೊಂದಿಕೊಳ್ಳಲಿಲ್ಲ ಅನ್ನಿ. 1876ರಲ್ಲಿ ಕತ್ತಿ ಕಟ್ಟಿಕೊಂಡು ತಿರುಗುವುದನ್ನು ಸರ್ಕಾರ ನಿಷೇಧಿಸಿತು, ಮರುವರ್ಷವೇ ಸತ್ಸುಮಾ ಪ್ರಾಂತ್ಯದಲ್ಲಿ ಸಮುರಾಯಿಗಳ ಬಂಡಾಯ.

ಅಷ್ಟು ದೂರ ಬೇಡ ಅಂದರೆ ಪಕ್ಕದ ಕೊಡಗನ್ನೇ ನೋಡಿ. ನಾಟಿ ಶುರುವಾದಾಗ ಆಯುಧ ಒಳಗಿಟ್ಟು ಗದ್ದೆಗೆ ಇಳಿಯುತ್ತಿದ್ದರು. ನಾಟಿ ಮುಗಿದ ಮೇಲೆ, ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದ ದಿನ, ಕೋವಿ ಹೊರತೆಗೆದು ಹೂವಿಟ್ಟು ಪೂಜೆ. ನೇಗಿಲಿಗೊಂದು ಕಾಲ, ಕೋವಿಗೊಂದು ಕಾಲ. ನಿಮ್ಮ ಕತ್ತಿಮನೆಯವರ ಕ್ಯಾಲೆಂಡರಿನಲ್ಲಿ ಇಂಥ ಒಂದು ದಿನವಾದರೂ ಇದೆಯಾ? ಅವತ್ತು ಆ ಮುದುಕ ತನ್ನ ಕತ್ತಿಯನ್ನು ಏನು ಮಾಡುತ್ತಾನೆ?

ಅಪ್ಪನ ಹತ್ತಿರ ಹೋಗಿ ಸುಮ್ನೆ ‘ಸಾರಿ’ ಅಂದು ಮುಗಿಸಬೇಡಿ. “ಅದು ನೀವಲ್ಲಪ್ಪ, ಕಥೆ” ಅಂತಲೂ ಹೇಳಬೇಡಿ. ಅವರು ನಂಬುವುದಿಲ್ಲ, ನಾನೂ ನಂಬಿಲ್ಲ. ಮನೆಯವರ ಬದುಕಿನಿಂದ ಎತ್ತಿಕೊಂಡು ಬರೆಯುವುದು ತಪ್ಪಲ್ಲ. ಕೇಳದೆ, ನೋಡದೆ ಬರೆದಿರಿ, ಅಷ್ಟೇ ತಪ್ಪು. ಒಂದು ರಾತ್ರಿ ಎರಡು ಗಂಟೆಗೆ ಅಮ್ಮನನ್ನೂ ಕರೆದುಕೊಂಡು ಫ್ಲಾಸ್ಕಿನಲ್ಲಿ ಟೀ ತಗೊಂಡು ಆ ಗೇಟಿಗೆ ಹೋಗಿ. ನಿದ್ದೆ ಬಂದಾಗ ಏನು ಮಾಡ್ತೀರ ಅಂತ ಕೇಳಿ. ಯಾವ ಸದ್ದು ಬೆಕ್ಕಿನದು, ಯಾವುದು ಮನುಷ್ಯನದು, ಹೇಗೆ ಗೊತ್ತಾಗುತ್ತೆ ಅಂತ ಕೇಳಿ. ಮೊದಲ ಹತ್ತು ನಿಮಿಷ ಬರೀ “ಹೂಂ” ಬರಬಹುದು. ಕೂತಿರಿ.

ಬೇರೆ ಕೆಲಸದ ಆಸೆ ಅವರಿಗಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬಹುದು. ಆದರೆ ಅದನ್ನು ಅವರೇ ಎತ್ತಲಿ, ನೀವು ಎತ್ತಬೇಡಿ.

ಆಮೇಲೆ ನಾಲ್ಕನೇ ಅಧ್ಯಾಯ ಹೊಸದಾಗಿ ಬರೆಯಿರಿ. ಕಳ್ಳರು ಬೇಕಿದ್ದರೆ ಬರಲಿ, ಮುದುಕ ಎಚ್ಚರವಾಗಿರಲಿ. ಬರೆದಾದ ಮೇಲೆ ಈ ಸಲ ಟೇಬಲ್ ಮೇಲೆ ಬಿಟ್ಟು ಹೋಗಬೇಡಿ, ಅಪ್ಪನ ಕೈಗೇ ಕೊಡಿ.